ಐದಕ್ಕೆ ಮೂರೂವರೆ
ವರ್ಷದಲ್ಲಿ ಹನ್ನೊಂದು ತಿಂಗಳು ತರಗತಿಯನ್ನೇ ನಡುಗಿಸುವ ನಮ್ಮ ಗುತ್ತಿಗೆಯ ಗಣಿತದ ಮೇಷ್ಟ್ರು, ವಿದ್ಯಾರ್ಥಿಗಳು ಮೇಷ್ಟ್ರುಗಳಿಗೆ ಅಂಕ ಹಾಕುವ ತಿಂಗಳು ಬಂತೆಂದರೆ ತಾವೇ ನಡುಗತೊಡಗುತ್ತಾರೆ. ಐದಕ್ಕೆ ಮೂರೂವರೆ ಬರದಿದ್ದರೆ ಮುಂದಿನ ವರ್ಷ ಕೆಲಸವಿಲ್ಲ ಎಂಬುದು ವಿಶ್ವವಿದ್ಯಾಲಯದ ನಿಯಮ. ಆಗ ಅರ್ಧ ಗಂಟೆ ತಡವಾಗಿ ಬಂದವನಿಗೂ "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೆ" ಎನ್ನುತ್ತಾರೆ, ಹಿಂದಿನ ಬೆಂಚಿನವರು ಆಕಳಿಸಿದರೆ ತಾವೇ ಕ್ಷಮೆ ಕೇಳುತ್ತಾರೆ, ಸೀಮೆಸುಣ್ಣ ಕಿರುಗುಟ್ಟಿದರೂ ಬೆಚ್ಚಿ ತಿರುಗಿ ನಲವತ್ತು ಮುಖಗಳನ್ನು ಓದುತ್ತಾರೆ. ಸ್ಟಾಫ್ ರೂಮಿಗೆ ಬಂದರೆ ಸಹೋದ್ಯೋಗಿಯಾದ ನನ್ನ ತಲೆ ತಿನ್ನುತ್ತಾರೆ: "ಮೊನ್ನೆ ಆ ಹುಡುಗಿಗೆ ಸ್ವಲ್ಪ ಗದರಿಬಿಟ್ಟೆ ರೀ. ಮೂರು ಹಾಕ್ತಾಳಾ, ಎರಡಾ?" "ಹೆಸರೇ ಬರೆಯೋ ಹಾಗಿಲ್ವಲ್ಲ, ಯಾರು ಎಷ್ಟು ಹಾಕಿದ್ರು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದರೆ ಮಾತ್ರ ಉತ್ತರಪತ್ರಿಕೆಗಳ ಕಟ್ಟು ಎತ್ತಿಕೊಂಡು ಹೊರಟುಬಿಡುತ್ತಾರೆ. ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಮೇಜಿನ ಒಂದು ಬದಿಗೆ ಇನ್ನೂ ತಿದ್ದದ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದು ಬದಿಗೆ ಓದಿ ನೋಡಲೆಂದು ಕಚೇರಿಯವರು ಕಳಿಸಿದ, ವಿದ್ಯಾರ್ಥಿಗಳು ಹೆಸರು ಹಾಕದೆ ಕೈಯಲ್ಲಿ ಬರೆದ ಅಭಿಪ್ರಾಯದ ಹಾಳೆಗಳು. ಮೇಷ್ಟ್ರು ಗೋಡೆಗೆ ಮುಖ ಮಾಡಿ ಕೂತಿದ್ದರು. ಹೆಂಡತಿ ಒಂದೊಂದೇ ಹಾಳೆ ಎತ್ತಿ ಓದುತ್ತಿದ್ದರು. "'ಇವರಿಗೆ ಪಾಠ ಮಾಡೋಕೇ ಬರಲ್ಲ.' ಬರೀ ಒಂದು ಹಾಕಿದಾರೆ ರೀ, ನೀವೇ ನೋಡಿ" ಎಂದು ಆಕೆ ಹಾಳೆ ಚಾಚಿದರು. ಮೇಷ್ಟ್ರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. "ತೋರಿಸ್ಬೇಡ ಕಣೇ. ನಲವತ್ತು ಜನದ ಕೈಬರಹವೂ ನಂಗೆ ಗೊತ್ತು. ಆ ಮಗುವಿನ ಪೇಪರ್ ನಾನಿನ್ನೂ ತಿದ್ದಬೇಕು."