ಬೆಟ್ಟದ ಹೊಟ್ಟೆಯಲ್ಲಿ ಏಳು ಕಾಡು

ಓರ್ಫಾ ಸ್ಟಿಡಮ್ ತೀರಿಕೊಂಡಾಗ ಪತ್ರಿಕೆಯವರು ಎರಡು ಸಾಲು ಹಾಕಿದರು: ನಿವೃತ್ತ ಶಿಕ್ಷಕಿ, ಅವಿವಾಹಿತೆ. ಅಷ್ಟೇ. ಉಳಿದದ್ದನ್ನು ಬರೆಯಲು ಅವರಿಗೆ ಜಾಗವಿರಲಿಲ್ಲವೋ ಧೈರ್ಯವಿರಲಿಲ್ಲವೋ ಗೊತ್ತಿಲ್ಲ. ನಾನು ಆರನೇ ತರಗತಿಗೇ ಶಾಲೆ ಬಿಟ್ಟವಳು. ಆದರೂ ಅವಳು ಪಾಠ ಹೇಳುತ್ತಿದ್ದ ಶಾಲೆಯಲ್ಲೇ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬೀನ್ಸ್ ಕಾಳು ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಸುಟ್ಟು ಬಡಿಸಿದವಳು. ಅಡುಗೆಮನೆಗೂ ಅವಳ ವಿಜ್ಞಾನದ ತರಗತಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಪಾತ್ರೆ ಉಜ್ಜುತ್ತ ಉಜ್ಜುತ್ತ ಅವಳ ಪಾಠವನ್ನೆಲ್ಲ ಕೇಳಿದ್ದೇನೆ. ಹಾಗಾಗಿ ಬರೆಯುವ ಹಕ್ಕು ನನಗಿದೆ.

ಅವಳ ಮೊದಲ ಪಾಠ ಪ್ರತಿ ವರ್ಷವೂ ಒಂದು ಕಬ್ಬಿಣದ ಸರಳಿನಿಂದ ಶುರುವಾಗುತ್ತಿತ್ತು. ಅದು ಅವಳ ಅಪ್ಪನದು. ನಮ್ಮ ಗಂಡಸರು ಕಲ್ಲಿದ್ದಲ ಗಣಿಯೊಳಗೆ ಎಲ್ಲಿ ನಿಲ್ಲುವ ಮೊದಲೂ ತಲೆಯ ಮೇಲಿನ ಬಂಡೆಗೆ ಒಂದು ಅಂಗೈ ಒತ್ತಿ, ಇನ್ನೊಂದು ಕೈಯಿಂದ ಸರಳಲ್ಲಿ ತಟ್ಟಿ ನೋಡುತ್ತಿದ್ದರು. ಖಣ್ ಎಂದರೆ ಗಟ್ಟಿ. ಡೋಲಿನಂತೆ ಧೊಬ್ ಎಂದರೆ ಟೊಳ್ಳು. ಟೊಳ್ಳು ಎಂದು ಒಬ್ಬ ಹೇಳಿದ ಮೇಲೆ ಅವನನ್ನು ಅದರ ಕೆಳಗೆ ನಿಲ್ಲಿಸಲು ಯಾವ ಮೇಸ್ತ್ರಿಗೂ ಬಾಯಿ ಬರುತ್ತಿರಲಿಲ್ಲ. ಅದು ಕಾನೂನಲ್ಲಿ ಇತ್ತೋ ಇಲ್ಲವೋ, ನಮ್ಮ ಕಣಿವೆಯಲ್ಲಿ ಇತ್ತು.

ಆದರೆ ಸರಳಿಗೂ ಸುಳಿವು ಕೊಡದ ಒಂದು ಕಲ್ಲಿದೆ. ನಮ್ಮವರು ಅದನ್ನು ಹಂಡೆತಳ ಎನ್ನುತ್ತಾರೆ. ಮೇಲಿನ ಬಂಡೆಯಲ್ಲಿ ಹಂಡೆಯ ಬುಡದಷ್ಟು ದುಂಡಗೆ, ಸುತ್ತ ಬೆರಳಗಲದ ಕಪ್ಪು ಉಂಗುರದೊಂದಿಗೆ ಕಾಣಿಸುತ್ತದೆ. ಸದ್ದಿಲ್ಲದೆ ಜಾರಿ ಬೀಳುತ್ತದೆ. ಸಾವಿರದ ಒಂಬೈನೂರ ಅರವತ್ತೊಂದರ ಮಾರ್ಚಿನಲ್ಲಿ ಒಂದು ನನ್ನ ಗಂಡ ಆರ್ವಿಲ್‌ನ ಮೇಲೆ ಬಿತ್ತು. ಉಂಗುರ ಅವನಿಗೆ ಕಂಡಿತ್ತಂತೆ. ನೀರಿನ ಕಲೆ ಎಂದು ಜೊತೆಗಾರನಿಗೆ ಹೇಳಿದ್ದನಂತೆ. ಕಲ್ಲೆತ್ತಿ ಅವನ ಹೆಣ ಹೊರಗೆ ತಂದವನು ಆ ಜೊತೆಗಾರನೇ, ಹೋಬರ್ಟ್ ಲಸ್ಕ್.

ಮಣ್ಣು ಮಾಡಿ ತಿಂಗಳಾಗಿತ್ತು. ಓರ್ಫಾ ನನ್ನ ಮನೆ ಮೆಟ್ಟಿಲ ಮೇಲೆ ಬಂದು ಕೂತಳು.

"ಡೆಲ್ಫಾ, ಆ ಕಲ್ಲು ನಂಗೆ ಬೇಕು ಕಣೇ. ಮಕ್ಕಳಿಗೆ ತೋರ್ಸೋಕೆ."

ಪೊರಕೆ ಎತ್ತಿಕೊಂಡು ಓಡಿಸಿದೆ. ಮಾರನೇ ದಿನ ಮತ್ತೆ ಬಂದಳು. "ಅದು ಮರ ಕಣೇ. ನಿಂತ ಮರ. ಒಳಗೆಲ್ಲ ಕಲ್ಲಾಗಿದೆ, ತೊಗಟೆ ಇದ್ದಲಾಗಿದೆ. ಆ ಉಂಗುರ ತೊಗಟೆ. ಇದ್ದಲು ಜಾರುತ್ತೆ, ಮರದ ಬುಡ ಕೆಳಗೆ ಅಗಲ, ಅದಕ್ಕೇ ಬೀಳುತ್ತೆ. ಇದು ಆರ್ವಿಲ್‌ಗೆ ಯಾರೂ ಹೇಳ್ಕೊಡ್ಲಿಲ್ಲ. ನಾಳೆ ಇಳಿಯೋ ಹುಡುಗರಿಗೆ ನಾನು ಹೇಳ್ತೀನಿ."

ಆ ದಿನ ಪೊರಕೆ ಎತ್ತಲಿಲ್ಲ. ನಾಲ್ಕು ಜನ ಕಲ್ಲನ್ನು ಗಣಿಯಿಂದ ಹೊತ್ತು ತಂದು ಅವಳ ತರಗತಿಯ ಮೂಲೆಯಲ್ಲಿ ಇಟ್ಟರು. ಅದು ಅಲ್ಲೇ ಉಳಿಯಿತು. ಇಪ್ಪತ್ತೊಂದು ವರ್ಷ ನಾನು ಆ ಬಾಗಿಲು ದಾಟಲಿಲ್ಲ, ಗೋಡೆಯಾಚೆಯಿಂದ ಅವಳ ಪಾಠ ಕೇಳಿದೆ. ನಮ್ಮ ಬೆಟ್ಟದಲ್ಲಿ ಇದ್ದಲಿನ ಏಳು ಪದರ ಇದೆ. ಒಂದೊಂದರ ಕೆಳಗೂ ಬೇರಿನ ಗುರುತಿರುವ ಜೇಡಿಮಣ್ಣು ಇದೆ. ಅಂದರೆ ಏಳು ಕಾಡು, ಒಂದರ ಹೆಣದ ಮೇಲೆ ಇನ್ನೊಂದು ಹುಟ್ಟಿ ಬೆಳೆದದ್ದು. ಲೆಕ್ಕ ಹಾಕಲು ಬರದಷ್ಟು ವರ್ಷ. ನನಗೆ ಅದು ಬಾಯಿಪಾಠವಾಗಿತ್ತು.

ಎಂಬತ್ತೆರಡರ ವಸಂತದಲ್ಲಿ ಶಾಲಾ ಮಂಡಳಿ ಒಂದು ಕಾಗದ ತಯಾರಿಸಿತು. ಆ ಹೊತ್ತಿಗೆ ಹೋಬರ್ಟ್ ಲಸ್ಕ್ ಗಣಿ ಬಿಟ್ಟು ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಬೋಧಕನಾಗಿದ್ದ, ಮಂಡಳಿಯ ಅಧ್ಯಕ್ಷನೂ ಆಗಿದ್ದ. ಕಾಗದದಲ್ಲಿದ್ದದ್ದು ಇಷ್ಟು: ಭೂಮಿಗೆ ಆರೇಳು ಸಾವಿರ ವರ್ಷ, ಇದ್ದಲು ಕಲ್ಲು ಎಲ್ಲ ನಮ್ಮ ಗ್ರಂಥದ ನೋಹನ ಕಾಲದ ಪ್ರಳಯದಲ್ಲಿ ಒಂದೇ ವರ್ಷಕ್ಕೆ ಕೊಚ್ಚಿಬಂದು ಸೇರಿದ್ದು, ಇದೂ ವಿಜ್ಞಾನವೇ. ವಿಜ್ಞಾನದ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಓದಿ ಹೇಳಿ ಸಹಿ ಹಾಕಬೇಕು. ಇಲ್ಲವಾದರೆ ಮುಂದಿನ ವರ್ಷ ಕೆಲಸವಿಲ್ಲ.

ಮಂಗಳವಾರ ಸಂಜೆ ಶಾಲೆಯ ಊಟದ ಹಾಲ್‌ನಲ್ಲಿ ಸಭೆ. ಐದು ಜನ ಸದಸ್ಯರು ನನ್ನ ಬಡಿಸುವ ಮೇಜಿನ ಹಿಂದೆ ಕೂತಿದ್ದರು. ಓರ್ಫಾ ಭಾನುವಾರದ ನೀಲಿ ಉಡುಪು ತೊಟ್ಟು, ಕೈಯಲ್ಲಿ ಸರಳು ಹಿಡಿದು ಬಂದಳು.

"ಸಿಸ್ಟರ್ ಓರ್ಫಾ, ಹೊಡೆಯೋಕೆ ಬಂದ್ರಾ?" ಚರ್ಚಿನವರು ಕರೆಯುವ ಹಾಗೆ ಕರೆದು ಹೋಬರ್ಟ್ ನಕ್ಕ.

"ನಿಮ್ಮನ್ನ ಹೊಡೆದ್ರೆ ಯಾವ ಸದ್ದು ಬರುತ್ತೆ ಅಂತ ನಂಗೆ ಮೊದ್ಲೇ ಗೊತ್ತು, ಬ್ರದರ್ ಹೋಬರ್ಟ್."

ಹಾಲ್ ಗೊಳ್ಳೆಂದಿತು. ಹಿಂದಿನಿಂದ ಯಾರೋ, "ದೇವರನ್ನ ನಂಬದೋಳು ನಮ್ಮ ಮಕ್ಕಳಿಗೆ ಪಾಠ ಹೇಳ್ಬೇಕಾ?" ಎಂದು ಕೂಗಿದರು.

ಓರ್ಫಾ ತಿರುಗಿದಳು. "ಯಾರಪ್ಪ ಅದು, ವುಡ್ರೋನಾ? ನೀನು ಚರ್ಚಲ್ಲಿ ಗೊರಕೆ ಹೊಡೆಯೋವಾಗ ನಿನ್ನ ಪಕ್ಕದ ಬೆಂಚಲ್ಲಿ ಎದ್ದು ಹಾಡೋಳು ನಾನೇ. ದೇವರ ವಿಷಯ ನಂಗೂ ಅವನಿಗೂ ಬಿಡು." ಆಮೇಲೆ ಕಾಗದವನ್ನು ಮೇಜಿನ ಮೇಲಿಟ್ಟು ಸರಳಿನ ತುದಿಯಿಂದ ಎರಡು ಸಲ ತಟ್ಟಿದಳು. "ಟೊಳ್ಳು. ನಾನು ತಟ್ಟಿ ನೋಡಿದ್ದೀನಿ. ಮಕ್ಕಳನ್ನ ಇದರ ಕೆಳಗೆ ನಿಲ್ಲಿಸಲ್ಲ."

ಹೋಬರ್ಟ್‌ನ ಮುಖ ಕೆಂಪಾಯಿತು. "ದೇವರ ಮಾತು ಟೊಳ್ಳಾ?"

"ಇದರ ಕೆಳಗೆ ದೇವರ ಸಹಿ ಇಲ್ಲ, ನಿಮ್ಮದಿದೆ."

ಎರಡರ ವಿರುದ್ಧ ಮೂರು ಮತದಿಂದ ಕಾಗದ ಪಾಸಾಯಿತು. ಸೋಮವಾರದೊಳಗೆ ಓದಿ ಸಹಿ ಹಾಕಬೇಕು ಎಂದರು. ಅವಳು ಸರಳು ಹೆಗಲಿಗಿಟ್ಟುಕೊಂಡು, "ಸೋಮವಾರ ಬನ್ನಿ, ತರಗತೀಲೇ ಇರ್ತೀನಿ," ಎಂದು ಹೊರಟಳು.

ನಡುವಿನ ಭಾನುವಾರದ ಮಾತನ್ನು ಬರೆಯದೆ ಬಿಡಬಹುದಿತ್ತು. ಬಿಡುವುದಿಲ್ಲ. ನಮ್ಮ ಚರ್ಚಿನಲ್ಲಿ ಹಾಡು ನಡೆಯುತ್ತಿರುವಾಗಲೇ ಎದ್ದು ಸುತ್ತಾಡಿ ಎಲ್ಲರ ಕೈ ಕುಲುಕುವುದು ಪದ್ಧತಿ. ಜಗಳವಿದ್ದರೂ ಆ ಹೊತ್ತಿಗೆ ಕೈ ಕುಲುಕಲೇಬೇಕು. ಆ ದಿನ ಓರ್ಫಾ ಕೈ ಚಾಚಿಕೊಂಡು ಬೆಂಚಿನಿಂದ ಬೆಂಚಿಗೆ ಬಂದಳು. ಒಬ್ಬರೂ ಹಿಡಿಯಲಿಲ್ಲ. ಹೋಬರ್ಟ್‌ನ ಹೆಂಡತಿ ಹಾಡಿನ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಓರ್ಫಾ ನನ್ನ ಮುಂದೆ ನಿಂತಳು. ನಾನು ಕೈಚೀಲದಲ್ಲಿ ಕರವಸ್ತ್ರ ಹುಡುಕಿದೆ. ನನ್ನ ಅಡುಗೆ ಕೆಲಸವೂ ಆ ಮಂಡಳಿಯ ಕೈಯಲ್ಲೇ ಇತ್ತು, ಅದೇ ನನ್ನ ಕಾರಣ. ಅವಳು ಚಾಚಿದ ಕೈ ಇಳಿಸದೆ, ಹಾಡಿನ ಒಂದು ಸಾಲೂ ತಪ್ಪದೆ ಮುಂದಿನ ಬೆಂಚಿಗೆ ಹೋದಳು.

ಸೋಮವಾರ ಹತ್ತು ಗಂಟೆಗೆ ಹೋಬರ್ಟ್ ಬಂದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಗೋಡೆಯಾಚೆ ಅವನ ದನಿ ಕೇಳಿತು.

"ಸಹಿ?"

"ಇಲ್ಲ."

"ಹಾಗಾದ್ರೆ ನಾನೇ ಓದ್ತೀನಿ. ಪಕ್ಕಕ್ಕೆ ನಿಲ್ಲಿ."

"ಓದಿ. ಆದ್ರೆ ನನ್ನ ತರಗತೀಲಿ ಓದಿದೋರು ಪ್ರಶ್ನೆಗೆ ಉತ್ತರ ಹೇಳ್ಬೇಕು. ನಾನೂ ಹೇಳ್ತೀನಿ, ಎಲ್ಲರೂ ಹೇಳ್ತಾರೆ."

ಅವನು ಚರ್ಚಿನಲ್ಲಿ ಓದುವ ಹಾಗೆ ದನಿ ಎತ್ತರಿಸಿ ಓದಿದ. ಮುಗಿಸಿದ ಮೇಲೆ ಒಂದು ಹುಡುಗಿಯ ದನಿ ಬಂತು. ಟ್ವಾನಾ ಲಸ್ಕ್, ಅವನ ಸ್ವಂತ ಮೊಮ್ಮಗಳು.

"ತಾತ, ಇದರಲ್ಲಿ ಮರಗಳು ಕೊಚ್ಕೊಂಡ್ ಬಂದ್ವು ಅಂತ ಇದೆ. ಕೊಚ್ಕೊಂಡ್ ಬಂದಿದ್ರೆ ಮಲಗಿರ್ಬೇಕಲ್ವಾ?"

"ಕೆಲವು ಮಲಗಿರ್ತಾವೆ ಮಗಳೇ."

"ಈ ಕಲ್ಲು? ಇದನ್ನ ಎತ್ತಿದ್ದು ನೀವೇ ಅಂತ ಹೇಳ್ತಿದ್ರಿ. ಇದು ಬಿದ್ದ ತೂತಲ್ಲಿ ಮೇಲೆ ಏನಿತ್ತು?"

ನನ್ನ ಕತ್ತಿ ನಿಂತಿತು. ಹೇಗೆ ಹೋದೆನೋ ತಿಳಿಯದು, ಇಪ್ಪತ್ತೊಂದು ವರ್ಷ ದಾಟದ ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡೇ ನಿಂತಿದ್ದೆ. ಕಲ್ಲು ಮೂಲೆಯಲ್ಲಿತ್ತು. ನಾನು ನೆನೆಸಿದ್ದಕ್ಕಿಂತ ಚಿಕ್ಕದು.

"ಹೇಳು ಹೋಬರ್ಟ್," ಎಂದೆ. "ಆರ್ವಿಲ್‌ನ ಮೇಲೆ ಬಿದ್ದದ್ದು ಏನು?"

ಅವನು ನನ್ನನ್ನು ನೋಡಿದ. ಟೋಪಿ ತೆಗೆದ.

"ಮೇಲೆ ಕೊಳವೆ ಥರ ಇತ್ತು," ಎಂದ ಮೆಲ್ಲಗೆ. "ದೀಪ ಹಿಡಿದು ನೋಡ್ದೆ. ಒಂದಾಳುದ್ದ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಗೋಡೆ ತುಂಬ ತೊಗಟೆ ಗುರುತು."

"ನಿಂತಿತ್ತಾ, ಮಲಗಿತ್ತಾ?" ಓರ್ಫಾ ಕೇಳಿದಳು.

"ನಿಂತಿತ್ತು."

"ನಿಮ್ಮ ಗಣಿ ಎಷ್ಟನೇ ಪದರ?"

"ನಾಲ್ಕನೇದು. ಕೆಳಗೆ ಮೂರು, ಮೇಲೆ ಮೂರು."

"ಎಲ್ಲದರ ಕೆಳಗೂ ಬೇರಿನ ಮಣ್ಣು?"

"ನಾನು ಅಗೆದ ಎಲ್ಲದರ ಕೆಳಗೂ."

"ಒಂದು ವರ್ಷದ ನೀರಲ್ಲಿ ಏಳು ಸಲ ಕಾಡು ಬೆಳೆಯುತ್ತಾ, ಬ್ರದರ್ ಹೋಬರ್ಟ್?"

ಅವನು ಮೂಲೆಯ ಕಲ್ಲಿನ ಕಡೆ ತಿರುಗಿದ. "ನಾನು ನಂಬೋದು ಗ್ರಂಥವನ್ನೇ," ಎಂದ. "ಸಾಯೋವರೆಗೂ ಅದನ್ನೇ. ಆದ್ರೆ ಕಣ್ಣಾರೆ ಕಂಡದ್ದನ್ನ ಕಂಡಿಲ್ಲ ಅಂತ ಆರ್ವಿಲ್ ಹೆಂಡ್ತಿ ಎದುರಿಗೆ ಹೇಳಲ್ಲ." ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. "ಪಾಠ ಮುಂದುವರ್ಸಿ."

ಅವನು ಬದಲಾದ ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಭಾನುವಾರವೂ ಪ್ರಳಯದ ಮೇಲೆ ಒಂದೂವರೆ ಗಂಟೆ ಬೋಧಿಸಿದ. ಕಾಗದವನ್ನು ಮಂಡಳಿ ಹಿಂದಕ್ಕೆ ಪಡೆಯಲೂ ಇಲ್ಲ. ಆದರೆ ಸಹಿ ಕೇಳಲು ಅವನು ಮತ್ತೆ ಬರಲಿಲ್ಲ, ಬೇರೆಯವರನ್ನು ಕಳಿಸಲು ಬಿಡಲೂ ಇಲ್ಲ. ಓರ್ಫಾ ಇನ್ನೂ ಒಂಬತ್ತು ವರ್ಷ ಅದೇ ತರಗತಿಯಲ್ಲಿ ಸಹಿ ಹಾಕದೆ ಪಾಠ ಹೇಳಿದಳು.

ಆ ಸೋಮವಾರದ ನಂತರದ ಭಾನುವಾರ ಹಾಡು ಶುರುವಾದ ಕೂಡಲೇ, ಅವಳು ಎದ್ದೇಳುವ ಮೊದಲೇ ನಾನು ಎದ್ದೆ. ಇಡೀ ಚರ್ಚು ನೋಡುತ್ತಿರುವಾಗ ಹೋಗಿ ಅವಳ ಕೈ ಹಿಡಿದೆ.

"ಕರವಸ್ತ್ರ ಸಿಕ್ತೇನೇ?" ಎಂದಳು, ಹಾಡಿನ ನಡುವೆಯೇ.

"ಸಿಕ್ತು. ಸುಮ್ನೆ ಹಾಡು."

ನನ್ನ ಕೆಲಸ ಹೋಗಲಿಲ್ಲ. ಹೋಗಿದ್ದರೂ ಈ ಕೈ ಹಿಂದಕ್ಕೆ ಬರುತ್ತಿರಲಿಲ್ಲ ಎಂದು ಇವತ್ತು ಹೇಳುವುದು ಸುಲಭ, ಆದರೂ ಹೇಳುತ್ತೇನೆ.

ಅವಳ ಅಪ್ಪನ ಸರಳು ಈಗ ನನ್ನ ಬಾಗಿಲ ಹಿಂದೆ ಇದೆ, ನನಗೇ ಕೊಡಬೇಕೆಂದು ಬರೆದಿಟ್ಟು ಹೋಗಿದ್ದಳು. ಕಲ್ಲು ಶಾಲೆಯಲ್ಲೇ ಇದೆ. ಈಗ ಹೊಸ ಮಂಡಳಿ, ಹೊಸ ಕಾಗದವಂತೆ. ಈ ಸಲ ಪ್ರಳಯದ ಹೆಸರೆತ್ತದೆ ನುಣ್ಣಗೆ ಬರೆದಿದ್ದಾರಂತೆ. ಮುಂದಿನ ಮಂಗಳವಾರ ಸಭೆ. ಮೊಣಕಾಲು ನೋಯುತ್ತದೆ, ಟ್ವಾನಾ ಕಾರು ತರುತ್ತೇನೆ ಎಂದಿದ್ದಾಳೆ. ಕಾಗದ ಮೇಜಿನ ಮೇಲಿಡಲಿ. ನಾನು ತಟ್ಟಿ ನೋಡುತ್ತೇನೆ.