ಗಲ್ಲಾದ ಮೇಲಿನ ಕಂಪ್ಯೂಟರ್

ನನ್ನಪ್ಪನ ಕೆಲಸವೇ ಬೇರೆಯವರ ಬುತ್ತಿ ಬಿಚ್ಚಿಸಿ ನೋಡುವುದಾಗಿತ್ತು. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಗೇಟಿನಲ್ಲಿ ಖಾಕಿ ಹಾಕಿಕೊಂಡು ನಿಲ್ಲುತ್ತಿದ್ದ. ಪಾಳಿ ಮುಗಿದ ಸೈರನ್ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನವರೆಗೂ ಕೇಳುತ್ತಿತ್ತು. ಅಮ್ಮ ಗಡಿಯಾರ ನೋಡುತ್ತಿರಲಿಲ್ಲ, ಆ ಕೂಗು ಕೇಳಿಯೇ ಅನ್ನಕ್ಕಿಡುತ್ತಿದ್ದಳು. ಅದೇ ಹೊತ್ತಿಗೆ ಗೇಟಿನಲ್ಲಿ ಸೈಕಲ್ಲುಗಳ ಸಾಲು. ತಾಮ್ರದ ತಂತಿ, ಹಿತ್ತಾಳೆ ಚೂರು ಹೊರಗೆ ಹೋಗಬಾರದೆಂದು ಚೀಲ, ಟಿಫನ್ ಕ್ಯಾರಿಯರ್ ಎಲ್ಲ ತೆರೆಸಿ ನೋಡಬೇಕು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಪ್ಪ "ಸ್ವಲ್ಪ ತೆಗಿಯಪ್ಪ" ಅನ್ನುವುದನ್ನು ಕಲಿತಿದ್ದ. ಬೆಳಗಾದರೆ ನಲ್ಲಿಯ ಹತ್ತಿರ ಸಿಗುವ ನಮ್ಮ ಅಕ್ಕಪಕ್ಕದ ಮನೆಯವರೇ ಆ ಸಾಲಿನಲ್ಲೂ ನಿಂತಿರುತ್ತಿದ್ದರು.

ಅದಕ್ಕೇ ಇರಬೇಕು, ಅಪ್ಪ ತನಗೆ ತಾನೇ ಒಂದು ಪದ್ಧತಿ ಮಾಡಿಕೊಂಡಿದ್ದ. ಮೊದಲು ಎದುರಿಗೆ ನಿಂತು "ನೋಡ್ತೀನಿ" ಅಂತ ಬಾಯಿಬಿಟ್ಟು ಹೇಳಬೇಕು. ಆಮೇಲೆ ಚೀಲದವನೇ ತನ್ನ ಕೈಯಾರೆ ಅದನ್ನು ತೆಗೆಯಬೇಕು. ಹೊಸದಾಗಿ ಸೇರಿದ್ದ ಕಾವಲುಗಾರನೊಬ್ಬ ಹಿಂದಿನಿಂದ ಹೋಗಿ ಯಾರದೋ ಚೀಲಕ್ಕೆ ಕೈ ಹಾಕಿದನೆಂದು ಅಪ್ಪ ಎಲ್ಲರೆದುರೇ ಅವನ ಜನ್ಮ ಜಾಲಾಡಿದ್ದನಂತೆ. ಇಷ್ಟು ಕೇಳಿ ನನ್ನಪ್ಪ ಯಾರೋ ಮಹಾತ್ಮ ಅಂದುಕೊಳ್ಳಬೇಡಿ. ಮಹಾ ಹಠಮಾರಿ. ಇಸ್ಪೀಟು ಆಡುವಾಗ ಪಕ್ಕದವನ ಎಲೆ ಇಣುಕಿ ನೋಡುತ್ತಿದ್ದ, ಸಿಕ್ಕಿಬಿದ್ದರೆ ಕುತ್ತಿಗೆ ನೋವು ಅನ್ನುತ್ತಿದ್ದ.

ಹೊಸ ಶತಮಾನ ಶುರುವಾಗುವ ಹೊತ್ತಿಗೆ ಬಹಳ ಜನ ವಿಆರ್‌ಎಸ್ ತೆಗೆದುಕೊಂಡು ಹೊರಬಂದರು. ಅಪ್ಪನೂ ಬಂದ. ಜೊತೆಯವರಲ್ಲಿ ಒಬ್ಬ ಕಿರಾಣಿ ಅಂಗಡಿ ಇಟ್ಟ, ಇನ್ನೊಬ್ಬ ಆಟೋ ತೆಗೆದುಕೊಂಡ. ನಾನು ಡಿಗ್ರಿ ಮುಗಿಸಿ ಶಿವಮೊಗ್ಗದಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ ಎಂಬ ಒಂದೇ ಧೈರ್ಯದ ಮೇಲೆ ಅಪ್ಪ ಅಲ್ಲಿಯದೇ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ಮಳಿಗೆ ಹಿಡಿದು ಸೈಬರ್ ಕೆಫೆ ತೆರೆದುಬಿಟ್ಟ.

"ಇಂಟರ್ನೆಟ್ಟು ಅಂದ್ರೆ ಏನು ಅಂತಾದ್ರೂ ಗೊತ್ತೇನ್ರೀ ನಿಮ್ಗೆ?" ಅಂತ ಅಮ್ಮ ಕೇಳಿದಳು.

"ಊರಲ್ಲಿ ಯಾರಿಗೆ ಗೊತ್ತು ಮಾರಾಯ್ತಿ? ಗೊತ್ತಿಲ್ದೋರು ಬರ್ತಾರೆ ಅಂತಾನೇ ಅಂಗಡಿ ಹಾಕೋದು" ಅಂದ ಅಪ್ಪ.

ಬಂದರು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಹೊಸ ಪ್ಲೈವುಡ್ಡಿನ ವಾಸನೆ ಬರುತ್ತದೆ. ನಾಲ್ಕು ಕ್ಯಾಬಿನ್, ನಾಲ್ಕಕ್ಕೂ ಅರ್ಧ ಬಾಗಿಲು. ಒಳಗೆ ಬರುವವರು ಯಾರೂ ಹೇಳದೆಯೇ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಬರುತ್ತಿದ್ದರು. ಲೈನು ಸಿಗುವಾಗ ಮೋಡೆಮ್ ಕಫ ಕಟ್ಟಿದ ಮುದುಕನ ಹಾಗೆ ಗೊರಗೊರ ಅನ್ನುತ್ತಿತ್ತು. ಸಿಕ್ಕಿದ ಕೂಡಲೇ ಕರೆಂಟು ಹೋಗುತ್ತಿತ್ತು. ಪರೀಕ್ಷೆಯ ಫಲಿತಾಂಶದ ದಿನ ರಸ್ತೆಯವರೆಗೂ ಮಕ್ಕಳು, ಅವರ ತಾಯಂದಿರು. ಪಾಸಾದವರು ಕೊಟ್ಟ ಪೇಡ ತಿಂದು ಸಂಜೆ ನನಗೆ ಊಟವೇ ಬೇಡವಾಗುತ್ತಿತ್ತು. ಪಾಸ್‌ವರ್ಡ್ ಗುಟ್ಟಾಗಿರಬೇಕು ಅಂತ ನಾನು ಎಷ್ಟು ಹೇಳಿದರೂ ಹೆಂಗಸರು ಬಾಗಿಲಲ್ಲೇ ನಿಂತು ಅದನ್ನು ಗಟ್ಟಿಯಾಗಿ ಕೂಗಿ ಹೇಳಿ, "ನೀನೇ ಒತ್ತಮ್ಮ, ನನ್ನ ಕೈ ಒದ್ದೆ" ಅನ್ನುತ್ತಿದ್ದರು. ಹೆಚ್ಚಿನವರ ಪಾಸ್‌ವರ್ಡ್ ಮನೆದೇವರ ಹೆಸರೇ. ಒಂದೇ ದೇವರ ಒಕ್ಕಲಿನವರೆಲ್ಲ ಒಬ್ಬರ ಕೀಲಿಯಿಂದ ಇನ್ನೊಬ್ಬರ ಬೀಗ ತೆಗೆದು ಒಳಗೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ, ಅದಕ್ಕಿಂತ ದೊಡ್ಡ ಸುದ್ದಿ ಬಸ್‌ಸ್ಟ್ಯಾಂಡಿನಲ್ಲೇ ಸಿಗುತ್ತಿತ್ತು.

ಗಲ್ಲಾದ ಮೇಲೆ ಐದನೆಯ ಕಂಪ್ಯೂಟರ್ ಇತ್ತು. ಕಂಪ್ಯೂಟರ್ ಮಾರಿದವನು ಅದಕ್ಕೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ. ಯಾರು ಎಷ್ಟು ಹೊತ್ತು ಕೂತರು ಅಂತ ತೋರಿಸುವುದು ಅದರ ಕೆಲಸ. ಜೊತೆಗೆ ಇನ್ನೊಂದನ್ನೂ ಮಾಡುತ್ತಿತ್ತು: ನಾಲ್ಕೂ ಕ್ಯಾಬಿನ್ನಿನ ಪರದೆಗಳನ್ನು ಚಿಕ್ಕದಾಗಿ ಇಲ್ಲಿ ತೋರಿಸುತ್ತಿತ್ತು, ಒಂದರ ಮೇಲೆ ಒತ್ತಿದರೆ ಅದು ಪೂರ್ತಿ ದೊಡ್ಡದಾಗಿ ಕಾಣುತ್ತಿತ್ತು. ಒಳಗೆ ಕೂತವರಿಗೆ ಇದರ ಸುಳಿವೇ ಇಲ್ಲ. ಮಾರಿದವನು ಅದನ್ನು ಮನೆಗೆ ತಂದ ಹೊಸ ಸೊಸೆಯ ಒಡವೆಯ ಹಾಗೆ ಹೊಗಳಿದ. ಅಪ್ಪ ಮುಖ ಸಿಂಡರಿಸಿ, "ಹೊತ್ತು ತೋರಿಸಿದ್ರೆ ಸಾಕಿತ್ತು" ಅಂದ.

ಆ ಸಾಫ್ಟ್‌ವೇರ್ ನನಗೂ ಬೇಡವಾಗಿತ್ತು, ಕಾರಣ ಬೇರೆ. ಕೋರ್ಸಿನಲ್ಲಿ ನನಗೆ ಪಾಠ ಮಾಡಿದ್ದ ಹುಡುಗ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ್ದ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ನಾನು ಒಂದನೇ ಕ್ಯಾಬಿನ್ನಿಗೆ ಹೋಗಿ ಅವನಿಗೆ ಬರೆಯುತ್ತಿದ್ದೆ. ಅವನು ನಮ್ಮ ಜನದವನಲ್ಲ. ನಮ್ಮ ನೆಂಟರಲ್ಲಿ ಅಂಥ ಮದುವೆಯಾದ ಹುಡುಗಿಯ ಹೆಸರನ್ನು ಲಗ್ನಪತ್ರಿಕೆಯಲ್ಲಿ ಬಿಟ್ಟುಬಿಡುತ್ತಿದ್ದರು, ಹಬ್ಬದಲ್ಲೂ ಬಿಟ್ಟುಬಿಡುತ್ತಿದ್ದರು. ಅಪ್ಪನಿಗೆ ಗೊತ್ತಾದರೆ ಏನಾಗುತ್ತದೆ ಎಂಬ ಹೆದರಿಕೆ ನನಗೆ ಹಗಲೂ ಇತ್ತು, ಕನಸಿನಲ್ಲೂ ಇತ್ತು. ಆಗ ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಸುಲಭಕ್ಕೆ ಬರುತ್ತಿರಲಿಲ್ಲವಾದ್ದರಿಂದ ನಾವು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದೆವು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ನಮ್ಮ ಪ್ರೇಮವನ್ನು ಅಪ್ಪ ಹೀಗೆ ಒಂದೊಂದೇ ಅಕ್ಷರ ಕೂಡಿಸಿ ಓದುವುದನ್ನು ಊಹಿಸಿಕೊಳ್ಳುವುದೂ ನನಗೆ ಬೇಡವಾಗಿತ್ತು. ಅದಕ್ಕೇ ಕ್ಯಾಬಿನ್ನಿಗೆ ಹೋಗುವ ಮೊದಲು ಗಲ್ಲಾದ ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರನ್ನು ಮುಚ್ಚಿ ಹೋಗುತ್ತಿದ್ದೆ. ಕ್ಯಾಬಿನ್ನಿನ ಕಂಪ್ಯೂಟರ್ ಶುರುವಾದ ಕೂಡಲೇ ಅದು ಗಲ್ಲಾದಲ್ಲಿ ತಾನಾಗಿಯೇ ಮತ್ತೆ ತೆರೆದುಕೊಳ್ಳುತ್ತದೆ ಎಂಬುದು ಕೋರ್ಸು ಮಾಡಿದ ನನಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಹೀಗೆ. ಒಂದು ಮಧ್ಯಾಹ್ನ ಬರೆದು ಮುಗಿಸಿ ಹೊರಗೆ ಬಂದರೆ ಗಲ್ಲಾದಲ್ಲಿ ಅಪ್ಪ ಇಲ್ಲ. ಅವನ ಕುರ್ಚಿಯಲ್ಲಿ ಸಫಾರಿ ತೊಟ್ಟ ಒಬ್ಬಾತ ಕಾಲು ಚಾಚಿ ಕೂತಿದ್ದ. ಅವನೆದುರಿನ ಪರದೆಯ ಮೇಲೆ, ಇಡೀ ಪರದೆಯ ಮೇಲೆ, ನಾನು ಆಗಷ್ಟೇ ಬರೆದ ಕಾಗದ.

"ಮುಗೀತೇನಮ್ಮಾ ಬರೆಯೋದು?" ಅಂದ, ಬಹಳ ಮೃದುವಾಗಿ. ಜೇಬಿನಿಂದ ಒಂದು ಕಾರ್ಡು ತೆಗೆದು, ನಾನು ಓದುವ ಮೊದಲೇ ಒಳಗಿಟ್ಟ. ಇಲಾಖೆಯವನಂತೆ. ಯಾವ ಇಲಾಖೆ ಅಂತ ನಾನು ಕೇಳಲಿಲ್ಲ. ಮಲೆನಾಡಿನ ಕಾಡುಗಳ ಕಡೆಯಿಂದ ಬಂದೂಕು ಹಿಡಿದವರ ಗಲಾಟೆಯ ಸುದ್ದಿಗಳು ಬರುತ್ತಿದ್ದ ಕಾಲ. ಮೂರನೇ ಕ್ಯಾಬಿನ್ನಿಗೆ ದಿನಾ ಬರುವ, ಹೆಗಲಿಗೆ ಜೋಳಿಗೆ ಹಾಕಿಕೊಂಡ ಯುವಕ ಏನು ಓದುತ್ತಾನೆ, ಯಾರಿಗೆ ಬರೆಯುತ್ತಾನೆ ಅಂತ ಈ ಸಫಾರಿಯಾತನಿಗೆ ತಿಳಿಯಬೇಕಿತ್ತು. ಆ ಯುವಕ ಯಾವುದೋ ಕಾಲೇಜಿನಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದ. ಕಾಡು, ಅಲ್ಲಿಯ ಜನ ಅಂತ ಏನೇನೋ ಓದುತ್ತಿದ್ದ. ನನಗೆ ಗೊತ್ತಿದ್ದದ್ದು ಅಷ್ಟೇ.

ಅಷ್ಟರಲ್ಲಿ ಅಪ್ಪ ಬಂದ. ಸಫಾರಿಯಾತ ಪರದೆಯನ್ನು ಚಿಕ್ಕದು ಮಾಡಿ, ನನ್ನ ಕಡೆ ನೋಡಿ ನಕ್ಕ. ಆ ನಗು ನನಗೆ ಅರ್ಥವಾಯಿತು.

ಗಲ್ಲಾದಲ್ಲಿ ಕೂತು ಆ ಯುವಕನ ಪರದೆ ನೋಡುತ್ತೇನೆ ಅಂತ ಅವನು ಕೇಳಿದ್ದಕ್ಕೆ ಆವತ್ತು ಅಪ್ಪ ಒಪ್ಪಿಕೊಂಡ. ಸರ್ಕಾರದ ಕೆಲಸ, ಬೇಡ ಅನ್ನಲಾಗುತ್ತದೆಯೇ ಎಂಬ ಲೆಕ್ಕ. ಚಹಾ ತರಿಸಿಕೊಟ್ಟ. ನಾನಂತೂ ಬಾಯಿಗೆ ಬೀಗ ಹಾಕಿಕೊಂಡೆ. ಆಮೇಲೆ ಆ ಮನುಷ್ಯ ದಿನವೂ ಬಂದು ಅಪ್ಪನ ಕುರ್ಚಿಯಲ್ಲಿ ಕೂರತೊಡಗಿದ. ಅಪ್ಪ ಪಕ್ಕದ ಸ್ಟೂಲಿಗೆ ಸರಿದ. ನಾನು ದಾವಣಗೆರೆಗೆ ಬರೆಯುವುದನ್ನು ನಿಲ್ಲಿಸಿದೆ. ಅಲ್ಲಿಂದ ಬಂದದ್ದನ್ನು ತೆರೆಯಲೂ ಹೆದರಿಕೆ. ಬರೆದ ಪ್ರತಿಯೊಂದು ಮಾತೂ ಆ ಸಫಾರಿ ಜೇಬಿನಲ್ಲಿ ಕೂತಿದೆ ಅನ್ನಿಸುತ್ತಿತ್ತು. ಎದುರು ಮಾತಾಡಿದರೆ ಅವನು ನನ್ನ ಗುಟ್ಟನ್ನು ಅಪ್ಪನಿಗೆ ಹೇಳುತ್ತಾನೆ, ಮಾತಾಡದಿದ್ದರೆ ದಿನಾ ಹೀಗೇ ನಗುತ್ತಾನೆ. ಎರಡರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾಗಿದ್ದೆ.

ಅಪ್ಪ ಕೆಲವು ದಿನ ಸ್ಟೂಲಿನ ಮೇಲೆ ಕೂತು ಚಡಪಡಿಸಿದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಸಾರ್, ನೋಡ್ತಿದೀವಿ ಅಂತ ಆ ಹುಡುಗನಿಗೆ ಹೇಳಿದೀರಾ?"

ಸಫಾರಿಯಾತ ಜೋರಾಗಿ ನಕ್ಕ. "ಹೇಳಿ ಕಳ್ಸಿ ನೋಡೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರಾನಾ ಯಜಮಾನ್ರೇ?"

ಅಪ್ಪ ನಗಲಿಲ್ಲ. ಎದ್ದ. ನೆಟ್ಟಗಾದ ಆ ಬೆನ್ನಿನ ಅರ್ಥ ನನಗೆ ಗೊತ್ತಿತ್ತು. ಮೂರನೇ ಕ್ಯಾಬಿನ್ನಿನ ಮುಂದೆ ಹೋಗಿ, ಗೇಟಿನಲ್ಲಿ ನಿಲ್ಲುವ ಹಾಗೇ ನಿಂತು, ಅರ್ಧ ಬಾಗಿಲನ್ನು ತಟ್ಟಿದ.

"ತಮ್ಮಾ, ನೀನು ಒಳಗೆ ನೋಡೋದೆಲ್ಲ ಗಲ್ಲಾದ ಮೇಲಿರೋ ಪರದೆಲಿ ಕಾಣುತ್ತೆ. ಈ ಸಾಹೇಬ್ರು ಇಲಾಖೆಯೋರು, ಕೂತು ನೋಡ್ತಿದಾರೆ. ನಿಂಗೆ ಗೊತ್ತಿರ್ಲಿ. ಆಮೇಲೆ ನೀನುಂಟು, ಅವರುಂಟು."

ಪಕ್ಕದ ಕ್ಯಾಬಿನ್ನುಗಳಿಂದಲೂ ತಲೆಗಳು ಹೊರಬಂದವು. ಒಬ್ಬ ಕಾಲೇಜು ಹುಡುಗ ಗಡಿಬಿಡಿಯಿಂದ ತನ್ನ ಕಂಪ್ಯೂಟರನ್ನೇ ಆರಿಸಿಬಿಟ್ಟ, ಅವನು ಏನು ನೋಡುತ್ತಿದ್ದನೋ. ಜೋಳಿಗೆಯ ಯುವಕ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ಎದ್ದು, ಕೂತ ಹೊತ್ತಿಗೆ ಕೊಡಬೇಕಾದ್ದನ್ನು ಅಪ್ಪನ ಕೈಗೆ ಕೊಟ್ಟು, ಮೆಟ್ಟಿಲ ಮೇಲಿನ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಯಾರಾಗಿದ್ದ, ಸಂಚುಕೋರನೋ ಬರೀ ಓದುವ ಗೀಳಿನವನೋ, ನಮಗೆ ಯಾವತ್ತೂ ಗೊತ್ತಾಗಲಿಲ್ಲ.

ಗುಟ್ಟಾಗಿ ಹೇಳಬಹುದಿತ್ತು ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಒಂದು ಚೀಟಿ, ಒಂದು ಕಣ್ಸನ್ನೆ ಸಾಕಿತ್ತು. ಆದರೆ ಗೇಟಿನಲ್ಲಿ ಆಯಸ್ಸು ಸವೆಸಿದವನಿಗೆ ಗುಟ್ಟಾಗಿ ಮಾಡುವ ವಿದ್ಯೆಯೇ ಬರುತ್ತಿರಲಿಲ್ಲ.

ಸಫಾರಿಯಾತನ ಮುಖ ಕೆಂಪಾಗಿತ್ತು. ಆದರೂ ದನಿ ಮೃದುವಾಗಿಯೇ ಇತ್ತು.

"ಊರೋರ ಮಕ್ಕಳನ್ನ ಕಾಯೋಕೆ ಹೊರಟಿದೀರಿ. ನಿಮ್ಮ ಮಗಳು ಆ ಡಬ್ಬಿ ಒಳಗೆ ಕೂತು ಏನು ಬರೀತಾಳೆ, ಯಾರಿಗೆ ಬರೀತಾಳೆ ಗೊತ್ತಾ? ನಾನು ಓದಿದೀನಿ. ಹೇಳ್ಲಾ?"

ನಾನು ಗಲ್ಲಾದ ಅಂಚು ಹಿಡಿದುಕೊಂಡೆ. ಭೂಮಿ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ.

"ಬೇಡ" ಅಂದ ಅಪ್ಪ. ನನ್ನ ಕಡೆ ತಿರುಗಲೂ ಇಲ್ಲ. "ಬರೀತಾಳೆ ಅಂತ ನಂಗೂ ಗೊತ್ತು ಸಾರ್. ಅವಳು ಒಳಗೆ ಕೂತು ಬರೆದದ್ದೂ ಈ ಪರದೆ ಮೇಲೆ ಬರುತ್ತೆ. ಬಂದಾಗ ನಾನು ಎದ್ದು ಚಾ ಕುಡಿಯೋಕೆ ಹೋಗ್ತೀನಿ. ಅವಳಿಗೂ ಬಾಯಿದೆ. ಹೇಳ್ಬೇಕು ಅನ್ಸಿದಾಗ ಅವಳೇ ಹೇಳ್ತಾಳೆ. ನಿಮ್ಮಿಂದ ಕೇಳೋದು ಬೇಡ."

ಆ ಮನುಷ್ಯ ಕುರ್ಚಿಯಿಂದ ಎದ್ದ. "ಅಂಗಡಿ ನಡೆಸೋರು ನೀವು. ನೋಡ್ಕೊಳ್ಳಿ" ಅಂದು ಹೊರಟುಹೋದ. ಮುಂದೆ ಒಂದಷ್ಟು ಕಿರುಕುಳ ಆಯಿತು, ಆ ಪರವಾನಗಿ ಬೇಕು ಈ ಕಾಗದ ಬೇಕು ಅಂತ ಕಚೇರಿಗಳಿಗೆ ಓಡಾಡಿಸಿದರು. ಅಂಗಡಿ ಕುಂಟಿಕೊಂಡೇ ಇನ್ನೂ ಕೆಲವು ವರ್ಷ ನಡೆಯಿತು. ಆಮೇಲೆ ಎಲ್ಲರ ಕೈಗೂ ಫೋನು ಬಂದು ತಾನಾಗಿಯೇ ಮುಚ್ಚಿತು. ಈಗ ನನ್ನ ಫೋನು ನಾನು ಎಲ್ಲಿ ಹೋದೆ, ಯಾವ ಅಂಗಡಿಯ ಮುಂದೆ ನಿಂತೆ ಅಂತ ಯಾರು ಯಾರಿಗೋ ಹೇಳುತ್ತಿರುತ್ತದಂತೆ. ಅವರು ಯಾರೂ ಎದುರಿಗೆ ಬಂದು ನಿಲ್ಲುವವರಲ್ಲ. ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಏನೋ ತೋರಿಸಿ ಒಪ್ಪಿಗೆಯೇ ಅನ್ನುತ್ತಾರೆ, ನಾನೂ ಒತ್ತಿ ಮುಂದೆ ಹೋಗುತ್ತೇನೆ. ಆ ಪ್ಲೈವುಡ್ ಡಬ್ಬಿಗಳ ಕಾಲ ಬಹಳ ಒಳ್ಳೆಯದಿತ್ತು ಅಂತ ನಾನು ಹೇಳುವುದಿಲ್ಲ. ಅಲ್ಲಿ ನನ್ನಪ್ಪ ಇದ್ದ, ಅಷ್ಟೇ, ಅದಕ್ಕೇ ಆ ದಿನಗಳು ಬೇಕು ಅನ್ನಿಸುತ್ತದೆ.

ಸಫಾರಿಯಾತ ಎದ್ದುಹೋದ ಆ ದಿನ ಸಂಜೆ ಬೇಗನೇ ಷಟರ್ ಎಳೆದು ಭದ್ರಾವತಿಯ ಬಸ್ಸು ಹತ್ತಿದೆವು. ಅಪ್ಪ ಕಿಟಕಿಯ ಪಕ್ಕ ಕೂತ. ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವಾಡಲಿಲ್ಲ, ಅದೊಂದೇ ವ್ಯತ್ಯಾಸ. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಅಳುತ್ತಿದ್ದೆ, ಇಲ್ಲವೇ ಸುಳ್ಳು ಹೇಳುತ್ತಿದ್ದೆ. ಮಲವಗೊಪ್ಪ ದಾಟಿದ ಮೇಲೆ ನಾನೇ ಶುರುಮಾಡಿದೆ. ಹುಡುಗ ಯಾರು, ಎಲ್ಲಿದ್ದಾನೆ, ಯಾವ ಜನ, ಎಲ್ಲ ಹೇಳಿದೆ. ಮುಂದಿನ ಸೀಟಿನ ಹೆಂಗಸಿಗೆ ಕೇಳಿಸೀತೆಂಬುದೂ ನೆನಪಿಗೆ ಬರಲಿಲ್ಲ.

ನಾನು ಅಪ್ಪನ ಮುಖದಲ್ಲಿ ಸಿಟ್ಟು ಹುಡುಕುತ್ತಿದ್ದೆ.

"ಎಷ್ಟು ದಿನ ಆಯ್ತು?" ಅಂದ ಕೊನೆಗೆ.

"ಎರಡು ವರ್ಷ ಆಗ್ತಾ ಬಂತು ಅಪ್ಪ."

"ಎರಡು ವರ್ಷ" ಅಂದ. ಕೈಯಲ್ಲಿದ್ದ ಟಿಕೆಟನ್ನು ಸುಮ್ಮನೆ ಮಡಚಿದ, ಬಿಚ್ಚಿದ. "ಮೊದ್ಲೇ ಹೇಳ್ಬಾರ್ದಿತ್ತಾ ಮಗಾ? ನೋಡ್ದೇ ಇರೋದು ನಂಗೆ ಎಷ್ಟು ಕಷ್ಟ ಆಗ್ತಿತ್ತು ಗೊತ್ತಾ?"