ನಾಯಿ ಕಲಿಸಿದ ಇಂಗ್ಲಿಷು

ಆ ಪ್ರಾಣಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಅತ್ತಿಗೆ' ಎಂದೇ. ಕಾಂಪೌಂಡರ್ ಅವಳ ಮೈದುನ. ಅವಳು ದುಡಿಯುತ್ತಿದ್ದ ಬೆಂಕಿಪೆಟ್ಟಿಗೆ ಕಾರ್ಖಾನೆ ಮುಚ್ಚಿದಾಗ ಕೈಹಿಡಿದು ಇಲ್ಲಿಗೆ ಕರೆತಂದವನು ಅವನೇ. ನೆಲ ತೊಳೆಯುವುದು, ಗೂಡು ಒರೆಸುವುದು, ಉಳಿದುಕೊಂಡ ನಾಯಿಗಳಿಗೆ ಅನ್ನ ಹಾಕುವುದು ಅವಳ ಕೆಲಸ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಒಂದು ದಿನ ಪರದೇಶದ ಅಜ್ಜನೊಬ್ಬರು ತಮ್ಮ ಕಂದು ಬಣ್ಣದ ಮುದಿ ಹೆಣ್ಣುನಾಯಿಯನ್ನು ಅಲ್ಲಿ ಬಿಟ್ಟರು. ಸೊಂಟದ ಆಪರೇಷನ್ನಿಗೆ ಅವರು ದೊಡ್ಡಾಸ್ಪತ್ರೆ ಸೇರಬೇಕಿತ್ತು. ಅತ್ತಿಗೆ 'ಬಾರೇ ಬಂಗಾರಿ' ಎಂದು ಎಷ್ಟು ಪೂಸಿ ಹೊಡೆದರೂ ನಾಯಿ ಪಿಳಿಪಿಳಿ ನೋಡುತ್ತ ನಿಂತಿತು. ಡಾಕ್ಟರಮ್ಮ "ಸಿಟ್" ಎಂದದ್ದೇ ತಡ, ಕುಕ್ಕರಿಸಿತು.

"ಅಯ್ಯೋ, ಇದಕ್ಕೆ ಇಂಗ್ಲಿಷ್ ಬಿಟ್ರೆ ಬೇರೇನೂ ಬರಲ್ವಾ?"

"ಹಾಗಾದ್ರೆ ನೀವೇ ಕಲೀರಿ ಅತ್ತಿಗೆ," ಎಂದು ಡಾಕ್ಟರಮ್ಮ ನಕ್ಕರು.

ಕಲಿತಳು. ಮಾತನ್ನು ಡಾಕ್ಟರಮ್ಮ ಹೇಳಿಕೊಟ್ಟರೆ, ಅರ್ಥವನ್ನು ನಾಯಿ ಮಾಡಿ ತೋರಿಸುತ್ತಿತ್ತು. 'ಕಮ್' ಎಂದರೆ ಬಂತು. 'ಸ್ಟೇ' ಎಂದರೆ ಅಲುಗಾಡಲಿಲ್ಲ. 'ಡ್ರಾಪ್' ಎಂದರೆ ಬಾಯಲ್ಲಿದ್ದ ಅವಳದೇ ಚಪ್ಪಲಿ ನೆಲಕ್ಕೆ ಬಿತ್ತು. ತಲೆ ಕೆಡಿಸಿದ್ದು 'ಲೀವ್'. ಅವಳು ಕೇಳಿದ್ದ ಲೀವು ಅಂದರೆ ರಜೆ.

"ನಮ್ಮ 'ಬಿಡು' ಇಲ್ವೇ, ಹಾಗೆ," ಎಂದರು ಡಾಕ್ಟರಮ್ಮ. "ಬಸ್ಸು ಬಿಡ್ತು ಅಂತೀವಿ, ಕೆಲಸ ಬಿಟ್ಟೆ ಅಂತೀವಿ, ಮುಟ್ಬೇಡ ಬಿಡು ಅಂತೀವಿ."

"ಓಹೋ, ಅವರ ಮಾತೂ ನಮ್ಮ ಮಾತಿನ ಹಾಗೇ ಹತ್ತು ಮನೆ ಸುತ್ತುತ್ತೆ ಅನ್ನಿ!"

ಪ್ರತಿ ಸಂಜೆ ಅಜ್ಜ ಫೋನ್ ಮಾಡುವರು. ಅತ್ತಿಗೆ ವರದಿ ಒಪ್ಪಿಸುವಳು: "ಈಟ್, ಯೆಸ್. ವಾಕ್, ಯೆಸ್. ಸ್ಲೀಪ್, ಗೊರಗೊರ." ಅಜ್ಜ ಮನಸಾರೆ ನಗುವರು.

ಒಂದು ಸಂಜೆ ಅವರ ಪ್ರಶ್ನೆಯಲ್ಲಿ 'ಮಿಸ್' ಎಂಬ ಮಾತು ಬಂತು. ಬಸ್ಸು ಮಿಸ್ಸಾಗುವುದು, ಸಾಮಾನು ಮಿಸ್ಸಾಗುವುದು ಅವಳಿಗೆ ಗೊತ್ತು. ನಾಯಿ ಕಳೆದುಹೋಯಿತೆಂದು ಹೆದರಿದ್ದಾರೆ ಎಂದುಕೊಂಡು, "ನೋ ಮಿಸ್! ನೋ ಮಿಸ್!" ಎಂದು ಗಟ್ಟಿಯಾಗಿ ಧೈರ್ಯ ಹೇಳಿದಳು. ಅಜ್ಜ ನಗದೆ ಫೋನ್ ಇಟ್ಟುಬಿಟ್ಟರು.

ಏನೋ ಎಡವಟ್ಟಾಯಿತೆಂದು ಅವಳು ಡಾಕ್ಟರಮ್ಮನ ಬಳಿಗೆ ಓಡಿ ನಡೆದದ್ದನ್ನೆಲ್ಲ ಹೇಳಿದಳು.

"ಅಯ್ಯೋ ಅತ್ತಿಗೆ, ನಾನಿಲ್ದೆ ಅದಕ್ಕೆ ಬೇಜಾರಾಗಿದೆಯಾ, ನನ್ನ ನೆನಸ್ಕೊಳ್ಳುತ್ತಾ ಅಂತ ಅವರು ಕೇಳಿದ್ದು."

ಬೆಳಗಾಗುತ್ತಲೇ ಅತ್ತಿಗೆ ಮೈದುನನನ್ನು ಎಬ್ಬಿಸಿ, ನಾಯಿಯನ್ನು ವ್ಯಾನಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಹೊರಟಳು. ಅಲ್ಲಿ ನಾಯಿಯನ್ನು ಒಳಗೆ ಬಿಡಲಿಲ್ಲ; ನರ್ಸಮ್ಮ ಮರುಕಪಟ್ಟು ಅಜ್ಜನನ್ನೇ ಗಾಲಿಕುರ್ಚಿಯಲ್ಲಿ ಹಿಂಬಾಗಿಲಿಗೆ ಕರೆತಂದಳು. ನಾಯಿ ಅವರ ಮಡಿಲಲ್ಲಿ ಮುಖ ಹುದುಗಿಸಿ ಕುಂಯ್‌ಗುಟ್ಟಿತು.

ಅತ್ತಿಗೆ ಬೆವರುತ್ತ ಹೇಳಿದಳು: "ಈಟ್, ಯೆಸ್. ಸ್ಲೀಪ್, ಯೆಸ್. ಬಟ್ ಗೇಟ್... ಲುಕ್, ಲುಕ್, ಲುಕ್. ಮಿಸ್. ವೆರಿ ಮಿಸ್."

ಅಜ್ಜ ಅವಳ ಒರಟು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮಾತಾಡಲು ಅವರಿಗೂ ಇಂಗ್ಲಿಷು ಬರಲಿಲ್ಲ.

ಗುಣವಾಗಿ ಮನೆಗೆ ಹೋದಮೇಲೂ ಅವರು ನಾಯಿಯೊಂದಿಗೆ ಊರುಗೋಲು ಊರುತ್ತ ಆಗಾಗ ಬರುತ್ತಾರೆ. ಅತ್ತಿಗೆ ನಾಯಿಯನ್ನು ಮುದ್ದಿಸುವುದನ್ನು ಕೇಳಿ ಕೇಳಿ ನಮ್ಮ ಮಾತನ್ನೂ ಕಲಿತಿದ್ದಾರೆ. ಮೊನ್ನೆ ಡಾಕ್ಟರಮ್ಮನನ್ನು ಕಂಡವರೇ ಅಕ್ಕರೆಯಿಂದ, "ಬಾರೇ ಬಂಗಾರಿ, ಇಲ್ಲಿ ಬಾ!" ಎಂದರು. ಕಾಂಪೌಂಡರ್ ನಗು ತಡೆಯಲಾರದೆ ಔಷಧಿ ಕೋಣೆಗೆ ಓಡಿದ.

ಈಗ ಇಂಗ್ಲಿಷಿನವರ ಫೋನ್ ಬಂದರೆ ಅತ್ತಿಗೆ ಹೆದರುವುದಿಲ್ಲ. "ವೇಟ್" ಎನ್ನುತ್ತಾಳೆ, "ಕಾಲ್ ಡಾಕ್ಟರ್" ಎನ್ನುತ್ತಾಳೆ. ಅಜ್ಜ ಬಂದಿದ್ದಾಗ ಯಾರಾದರೂ ಹೊಗಳಿದರೆ, "ನಂದೇನಿದೆ? ಕೆಲಸ ಕೊಡಿಸ್ದೋನು ಮೈದುನ, ಮಾತು ಹೇಳ್ಕೊಟ್ಟೋರು ಡಾಕ್ಟರಮ್ಮ, ಅರ್ಥ ಹೇಳಿದ್ದು ಈ ಮುದುಕಿ," ಎಂದು ಕಂದು ನಾಯಿಯ ಕಿವಿ ನೀವುತ್ತಾಳೆ.